ಫ್ರೀ ಫೋನಿನ ಬೆಲೆ ಎಷ್ಟು?

ಅಮೆರಿಕದಿಂದ ರಜೆಗೆ ಬಂದ ನೆಂಟರ ಮಕ್ಕಳು ಒಂದು ಮಾತು ಹೇಳುವುದನ್ನು ನೀವೂ ಕೇಳಿರಬಹುದು: "ಈ ಫೋನ್ ನಮಗೆ ಫ್ರೀ ಬಂತು!" ಇಲ್ಲಿ ಅಂಗಡಿಯ ಗಾಜಿನ ಹಿಂದೆ ಇಟ್ಟು ತೋರಿಸುವ ಫೋನು ಅಲ್ಲಿ ಪುಕ್ಕಟೆ! ನಮ್ಮ ತೋವಿನಕೆರೆಯ ಹುಡುಗರು ಇದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರು ಬರೆದ ನನಗೆ ಮಾತ್ರ ಬೇರೊಂದು ಪ್ರಶ್ನೆ ಏಳುತ್ತದೆ. ಫ್ರೀ ಕೊಡುವ ಕಂಪನಿ ಇಷ್ಟು ಹೊತ್ತಿಗೆ ಬಾಗಿಲು ಹಾಕಬೇಕಿತ್ತಲ್ಲ, ಯಾಕೆ ಹಾಕಿಲ್ಲ?

ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ, ನಮ್ಮ ಹೊಲಕ್ಕೆ ಹೋದರೆ ಸಾಕು. ತುಮಕೂರು ಜಿಲ್ಲೆಯಲ್ಲಿ ಮಿಡಿಸೌತೆ ಬೆಳೆಯುವ ರೈತರಿದ್ದಾರೆ. ಉಪ್ಪಿನಕಾಯಿಯಾಗಿ ವಿದೇಶಕ್ಕೆ ಹೋಗುವ ಕಾಯಿ ಅದು. ಕಂಪನಿಯವರೇ ಬೀಜ, ಗೊಬ್ಬರ, ಔಷಧಿ ಕೊಡುತ್ತಾರೆ. ರೈತ ಆಗ ಜೇಬಿನಿಂದ ಕಾಸು ಬಿಚ್ಚಬೇಕಿಲ್ಲ. ಆದರೆ ಬೆಳೆದ ಕಾಯನ್ನೆಲ್ಲ ಆ ಕಂಪನಿಗೇ ಕೊಡಬೇಕು. ದುಡ್ಡು ಕೊಡುವಾಗ ಬೀಜ ಗೊಬ್ಬರದ ಬಾಬತ್ತು ಮುರಿದುಕೊಂಡೇ ಕೊಡುತ್ತಾರೆ. ನಡುವೆ ಬೇರೆಯವನು ಬಂದು ಕೆ.ಜಿ.ಗೆ ಎರಡು ರೂಪಾಯಿ ಜಾಸ್ತಿ ಕೊಡ್ತೀನಿ ಅಂದರೂ ಮಾರುವಂತಿಲ್ಲ. ಯಾಕೆಂದರೆ ಮೊದಲ ಕಂಪನಿಯ ದುಡ್ಡು ಆಗಲೇ ಮಣ್ಣಿನೊಳಗೆ ಕೂತಿದೆ.

ಈಗ ಬೀಜದ ಜಾಗದಲ್ಲಿ ಫೋನನ್ನೂ ಕಾಯಿಯ ಜಾಗದಲ್ಲಿ ತಿಂಗಳ ಬಿಲ್ಲನ್ನೂ ಇಟ್ಟು ನೋಡಿ. 2008ರಲ್ಲಿ ಐಫೋನ್ 3ಜಿ ಬಂತು. ಅಮೆರಿಕದಲ್ಲಿ ಅದನ್ನು ಎಟಿ ಅಂಡ್ ಟಿ ಎಂಬ ಕಂಪನಿ 199 ಡಾಲರಿಗೆ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು ಎಂಟೂವರೆ ಸಾವಿರ ರೂಪಾಯಿ. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಫೋನು ಭಾರತಕ್ಕೆ ಬಂದಾಗ ಬೆಲೆ 31,000 ರೂಪಾಯಿ! ಅನ್ಯಾಯ ಅಂತ ಜನ ಗೊಣಗಿದರು. ಆದರೆ ಅಲ್ಲಿ ಕೊಳ್ಳುವವನು ಎರಡು ವರ್ಷದ ಕರಾರಿಗೆ ಸಹಿ ಹಾಕಬೇಕಿತ್ತು. ತಿಂಗಳಿಗೆ ಕಡಿಮೆಯೆಂದರೂ 70 ಡಾಲರ್ ಕಟ್ಟಬೇಕು. ಮಕ್ಕಳೇ, 70ನ್ನು 24ರಿಂದ ಗುಣಿಸಿ. 1,680 ಡಾಲರ್! ಫೋನಿನ ಮೇಲೆ ಬಿಟ್ಟುಕೊಟ್ಟ ದುಡ್ಡು ಈ ಬಿಲ್ಲಿನೊಳಗೆ ಸೇರಿಕೊಂಡು ಮೆಲ್ಲಗೆ ವಾಪಸ್ ಬರುತ್ತಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಸಾಲ ಎನ್ನುತ್ತಾರೆ. ಪಾಸ್‌ಬುಕ್ ಕೊಡದ ಸಾಲ, ಅಷ್ಟೆ.

ನಡುವೆ ಬಿಟ್ಟು ಹೋದರೆ? ಅದಕ್ಕೂ ಲೆಕ್ಕವಿತ್ತು. 2010ರ ಜೂನ್‌ನಿಂದ ಅದೇ ಕಂಪನಿ ಇಂಥ ಫೋನುಗಳಿಗೆ 325 ಡಾಲರ್ ದಂಡ ಇಟ್ಟಿತು. ಕರಾರಿನಲ್ಲಿ ಕಳೆದ ಒಂದೊಂದು ತಿಂಗಳಿಗೂ ಅದರಲ್ಲಿ 10 ಡಾಲರ್ ಕಡಿಮೆ. ಹತ್ತು ತಿಂಗಳಾದ ಮೇಲೆ ಬಿಟ್ಟರೆ ದಂಡ 225. ಸಾಲದ ಅಸಲು ಕಂತು ಕಂತಾಗಿ ಇಳಿಯುವುದನ್ನು ನೋಡಿದವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಫೋನು ಕೊಡದಿದ್ದರೂ ಕಂಪನಿಗಳಿಗೆ ಕರಾರು ಇಷ್ಟವೇ. ಟವರು ಕಟ್ಟುವ, ಕೇಬಲ್ ಹೂಳುವ, ತರಂಗಗಳ ಹರಾಜಿನಲ್ಲಿ ಕೂಗುವ ಖರ್ಚೆಲ್ಲ ಮೊದಲೇ ಆಗಿಬಿಡುತ್ತದೆ. ಗಿರಾಕಿಯ ದುಡ್ಡು ಬರುವುದು ಚೂರು ಚೂರಾಗಿ. ಇಷ್ಟು ಜನ ಎರಡು ವರ್ಷ ಕಟ್ಟಿಯೇ ಕಟ್ಟುತ್ತಾರೆ ಎಂಬ ಕಾಗದ ಕೈಯಲ್ಲಿದ್ದರೆ, ಸಾಲ ಕೊಡುವ ಬ್ಯಾಂಕಿನವರ ಮುಖವೂ ಸ್ವಲ್ಪ ಅರಳುತ್ತದೆ!

ನಮ್ಮಲ್ಲೂ ಇದು ನಡೆದು ನೋಡಿದೆ. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಂ ಕಂಪನಿ 'ಮಾನ್ಸೂನ್ ಹಂಗಾಮಾ' ಎಂಬ ಯೋಜನೆ ತಂದಿತು. 501 ರೂಪಾಯಿ ಕೊಟ್ಟರೆ ಫೋನು ಕೈಗೆ, ಮಿಕ್ಕಿದ್ದು ತಿಂಗಳ ಬಿಲ್ಲಿನಲ್ಲಿ. ಮೊಬೈಲು ಸಿರಿವಂತರ ಸೊತ್ತು ಎಂದುಕೊಂಡಿದ್ದವರೆಲ್ಲ ಸಾಲು ನಿಂತರು. ಆ ಫೋನಿಗೆ ಸಿಮ್ ಕಾರ್ಡೇ ಇರಲಿಲ್ಲ. ಬೇರೆ ಕಂಪನಿಗೆ ಹೋಗಬೇಕೆಂದರೆ ಫೋನನ್ನೇ ಬಿಡಬೇಕು. ಆದರೂ ಬಿಲ್ ಕಟ್ಟದೆ ಕೈಬಿಟ್ಟವರು ಬಹಳ ಮಂದಿ. ಬಾಕಿ ವಸೂಲಿಗೆ ಕಂಪನಿ ಹೆಣಗಿತು.

ಜನರನ್ನು ಸುಮ್ಮನೆ ದೂರಿ ಫಲವಿಲ್ಲ. ತಿಂಗಳ ಒಂದನೇ ತಾರೀಖು ಸಂಬಳ ಬರುವವನಿಗೆ ತಿಂಗಳ ಕರಾರು ಸರಿ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಕಡೆ ಮಳೆ ನಂಬಿದವನಿಗೆ ದುಡ್ಡು ಬರುವುದು ಕಡಲೆಕಾಯಿ ಕಿತ್ತಾಗ, ಹುಣಸೆಹಣ್ಣು ಮಾರಿದಾಗ. ಮಿಕ್ಕ ತಿಂಗಳು ಕೂಲಿಯೇ ಗತಿ. ಅಂಥವನಿಗೆ ಒಗ್ಗಿದ್ದು ಪ್ರೀಪೇಡ್. ಇದ್ದಾಗ ಹಾಕಿಸು, ಇಲ್ಲದಾಗ ಬರುವ ಕರೆಗೆ ಕಾದು ಕೂರು. 2003ರ ಮೇ ತಿಂಗಳಿಂದ ಬರುವ ಕರೆಗೆ ದುಡ್ಡಿಲ್ಲ ಎಂದಾದ ಮೇಲಂತೂ ಮಿಸ್ಡ್ ಕಾಲ್ ಎಂಬ ಹೊಸ ಭಾಷೆಯೇ ಹುಟ್ಟಿತು! ಫೋನಿಗೆ ಪೂರ್ತಿ ಬೆಲೆ ಕೊಟ್ಟೆವು ನಿಜ, ಆದರೆ ಕಟ್ಟು ಇಲ್ಲ. 2011ರ ಜನವರಿ 20ರಿಂದ ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಅನುಕೂಲ ದೇಶದಲ್ಲೆಲ್ಲ ಬಂತು. ಈಗಿನ ಕಂಪನಿಯಲ್ಲಿ 90 ದಿನ ಆಗಿದ್ದರೆ ಸಾಕು.

ಆಮೇಲೂ ಕಂಪನಿಗಳು ಸುಮ್ಮನೆ ಕೂರಲಿಲ್ಲ. 2017ರಲ್ಲಿ ಬಂದ ಜಿಯೋಫೋನಿಗೆ 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ಫೋನು ಹಿಂದಿರುಗಿಸಿದರೆ ಠೇವಣಿ ವಾಪಸ್ ಎಂದರು. ವರ್ಷಕ್ಕೆ ಇಷ್ಟು ರೀಚಾರ್ಜ್ ಮಾಡಿಸಿರಬೇಕು ಎಂಬ ಷರತ್ತೂ ಜೊತೆಗಿತ್ತು. ಕರಾರು ಎಂಬ ಪದ ಇಲ್ಲದ ಕರಾರು ಎಂದರೆ ತಪ್ಪಾಗಲಾರದು. ಅಮೆರಿಕದಲ್ಲೂ 2013ರಿಂದ ಹಳೆಯ ಎರಡು ವರ್ಷದ ಕರಾರುಗಳು ಒಂದೊಂದಾಗಿ ಹೋದವು. ಅವುಗಳ ಜಾಗಕ್ಕೆ ಫೋನಿನ ಕಂತು ಬಂತು. ಕೆಲವು ಕಂಪನಿಗಳಲ್ಲಿ ಅದು 36 ತಿಂಗಳು! ನೆಂಟರ ಮಕ್ಕಳ ಫ್ರೀ ಫೋನು ಸಾಮಾನ್ಯವಾಗಿ ಇಂಥದ್ದೇ. ತಿಂಗಳು ತಿಂಗಳು ಕಂತಿನಷ್ಟೇ ರಿಯಾಯಿತಿ ಕೊಡುತ್ತಾರೆ, ನಡುವೆ ಬಿಟ್ಟರೆ ರಿಯಾಯಿತಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಇನ್ನು ನಮ್ಮ 28 ದಿನದ ಲೆಕ್ಕ. ಇದನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಮಾಡಿ ನೋಡಬೇಕು. 28ನ್ನು 13ರಿಂದ ಗುಣಿಸಿದರೆ 364. ತಿಂಗಳಿಗೊಂದು ರೀಚಾರ್ಜ್ ಅಂದುಕೊಂಡ ಅಜ್ಜಿ ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು ಕೊಡುತ್ತಾರೆ. 300 ರೂಪಾಯಿಯದಾದರೆ 3,600ರ ಬದಲು 3,900. ಟ್ರಾಯ್ ಎಂಬ ಸರ್ಕಾರಿ ನಿಯಂತ್ರಣ ಸಂಸ್ಥೆ 2022ರ ಜನವರಿಯಲ್ಲಿ ಎಲ್ಲ ಕಂಪನಿಗಳೂ 30 ದಿನದ ಒಂದು ಪ್ಲಾನ್, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಇನ್ನೊಂದು ಪ್ಲಾನ್ ಇಡಲೇಬೇಕು ಎಂದು ಆದೇಶಿಸಿತು. ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಕೇಳಿ ಪಡೆಯಬೇಕು.

ಕರಾರಿಲ್ಲದ ನಮ್ಮ ಸ್ವಾತಂತ್ರ್ಯದಲ್ಲಿ ಹಿರಿಯರಿಗೆ ಒಂದು ಅಪಾಯವೂ ಇದೆ. ಕರಾರಿನ ಫೋನಾದರೆ ಬಿಲ್ ಕಟ್ಟಿರೆಂದು ಕಂಪನಿಯೇ ಬೆನ್ನು ಹತ್ತುತ್ತದೆ. ಪ್ರೀಪೇಡ್ ನಂಬರನ್ನು ಮೂರು ತಿಂಗಳು ಮುಟ್ಟದೆ ಬಿಟ್ಟರೆ ಅದು ರದ್ದಾಗಬಹುದು, ಆಮೇಲೆ ಇನ್ನಾರದೋ ಪಾಲಾಗಬಹುದು. ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ಹಳೆಯ ಫೋನನ್ನು ಊರಿನ ಗೂಡಿನಲ್ಲೇ ಬಿಟ್ಟ ಅಜ್ಜಂದಿರು ಎಷ್ಟು ಮಂದಿ! ಪಿಂಚಣಿ ಖಾತೆಗೆ ಕೊಟ್ಟ ನಂಬರು ಅದೇ ಆಗಿದ್ದರೆ, ದುಡ್ಡು ಬಂದ ಸುದ್ದಿಯೂ ಓಟಿಪಿಯೂ ಗುರುತಿಲ್ಲದವರ ಫೋನಿಗೆ ಹೋಗುತ್ತವೆ. ಹಾಗಾಗಿ ಮೊಮ್ಮಕ್ಕಳೇ, ಈ ಭಾನುವಾರ ಅಜ್ಜ ಅಜ್ಜಿಯ ರೀಚಾರ್ಜ್ ಎಂದು ಮುಗಿಯುತ್ತದೆಂದು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪಾಸ್‌ಬುಕ್ ತೆಗೆಸಿ, ಬ್ಯಾಂಕಿಗೆ ಕೊಟ್ಟಿರುವುದು ಈಗ ಬಳಸುವ ನಂಬರೇ ಅಂತ ಕೇಳಿ. ಅಲ್ಲವಾದರೆ ಸೋಮವಾರ ಬೆಳಿಗ್ಗೆ ಆಧಾರ್ ಕಾರ್ಡ್ ಹಿಡಿದು ಅವರನ್ನು ಶಾಖೆಗೆ ಕಳಿಸಿ. ಅಲ್ಲಿ ಅದಕ್ಕೊಂದು ಫಾರಂ ಇದೆ, ಒಂದೇ ಪುಟದ್ದು.