ಸ್ಕ್ರೀನ್ ಸೇವರಿನ ಸ್ವರೂಪವಿಚಾರ

ಸ್ಕ್ರೀನ್ ಸೇವರ್ ಎಂಬ ತಂತ್ರಾಂಶವು ಕಾಪಾಡುವುದು ಪರದೆಯನ್ನೇ ಹೊರತು ಪರದೆಯ ಮೇಲಣ ಬರಹವನ್ನಲ್ಲ. ಈ ಭೇದವು ಅಲ್ಪವೆಂದು ತೋರಿದರೂ, ಮೊದಮೊದಲಿನ ಗಣಕಗಳಲ್ಲಿ ಇದನ್ನು ಮರೆತವನಿಗೆ ದಿನವಿಡೀ ಮಾಡಿದ ಬರವಣಿಗೆಯು ನಷ್ಟವಾಗುವ ಸಂಭವವಿದ್ದಿತು.

ಆ ಗಣಕಗಳ ಪರದೆಯೆಂಬುದು ಗಾಜಿನ ನಿರ್ವಾತ ಕೊಳವೆಯೊಂದರ ಮುಖಭಾಗ. ಕೊಳವೆಯ ಹಿಂತುದಿಯಿಂದ ಹೊರಟ ಇಲೆಕ್ಟ್ರಾನುಗಳ ಧಾರೆಯು, ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಎಂಬ ಲೇಪವನ್ನು ತಾಗಿದೆಡೆಯಲ್ಲಿ ಬೆಳಕು ಹುಟ್ಟುವುದು. ಒಂದೇ ಪಂಕ್ತಿಯು ಒಂದೇ ಸ್ಥಾನದಲ್ಲಿ ಬಹುಕಾಲ ಬೆಳಗುತ್ತಿದ್ದರೆ ಅಲ್ಲಿಯ ಲೇಪವು ಮಾತ್ರ ಸವೆದು, ಗಣಕವನ್ನು ನಿಲ್ಲಿಸಿದ ಮೇಲೂ ಅಕ್ಷರಗಳ ನೆರಳು ಗಾಜಿನಲ್ಲಿ ಉಳಿಯುವುದು.

ಇದಕ್ಕೆ ಪರಿಹಾರವು ಬೇಗನೆ ಕಾಣಿಸಿಕೊಂಡಿತು. 1979ರ ಅಟಾರಿ ಗಣಕಗಳಲ್ಲಿ ಸುಮಾರು 9 ನಿಮಿಷ ಯಾವ ಕೀಲಿಯನ್ನೂ ಒತ್ತದಿದ್ದರೆ ಪರದೆಯ ಬಣ್ಣಗಳು ತಾವಾಗಿಯೇ ಬದಲಾಗುತ್ತಿದ್ದವು. ಐಬಿಎಂ ಗಣಕಕ್ಕಾಗಿ ಜಾನ್ ಸೋಚಾ ರಚಿಸಿದ ತಂತ್ರಾಂಶವು 1983ರ ಡಿಸೆಂಬರಿನಲ್ಲಿ ‘ಸಾಫ್ಟಾಕ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು 3 ನಿಮಿಷಗಳ ನಿಷ್ಕ್ರಿಯತೆಯ ತರುವಾಯ ಪರದೆಯನ್ನು ಕತ್ತಲಾಗಿಸುತ್ತಿತ್ತು.

ಇಂಥ ತಂತ್ರಾಂಶದ ಕ್ರಮವು ಸರಳವಾದುದು. ಐಬಿಎಂ ಗಣಕದೊಳಗಣ ಗಡಿಯಾರವು ಸೆಕೆಂಡಿಗೆ ಸುಮಾರು 18.2 ಸಲ ಮಿಡಿಯುತ್ತದೆ. ಸ್ಮೃತಿಯಲ್ಲಿ ಅಡಗಿ ಕುಳಿತ ತಂತ್ರಾಂಶವು ಪ್ರತಿಯೊಂದು ಮಿಡಿತವನ್ನೂ ಎಣಿಸುತ್ತಿರುವುದು. ಯಾವುದೇ ಕೀಲಿಯನ್ನು ಒತ್ತಿದೊಡನೆ ಎಣಿಕೆಯು ಮತ್ತೆ ಮೊದಲಾಗುವುದು. ಎಣಿಕೆಯು ಸುಮಾರು 3,276ನ್ನು ಮುಟ್ಟಿತೆಂದರೆ 3 ನಿಮಿಷಗಳು ಸಂದವೆಂದರ್ಥ. ಆಗ ಪರದೆಗೆ ಚಿತ್ರವನ್ನು ಕಳುಹಿಸುವ ಮಂಡಲಕ್ಕೆ, ಕಳುಹಿಸುವುದನ್ನು ನಿಲ್ಲಿಸೆಂಬ ಆಜ್ಞೆ ಹೋಗುವುದು. ಆದರೆ 80 ಅಕ್ಷರಗಳ 25 ಪಂಕ್ತಿಗಳು ಸ್ಮೃತಿಯಲ್ಲಿ ಇದ್ದಂತೆಯೇ ಇರುವುವು.

ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾನದಿಗೆ ಕಟ್ಟಿರುವ ಬ್ಯಾರೇಜಿನ ದೃಷ್ಟಾಂತದಿಂದ ಇದು ವಿಶದವಾಗುವುದು. ಅದರ ಬಾಗಿಲುಗಳನ್ನು ಇಳಿಸಿದರೆ ಕೆಳಗಣ ಹರಿವು ತಡೆಯುವುದೇ ಹೊರತು ಮೇಲೆ ನಿಂತ ನೀರು ಬತ್ತದು. ಸ್ಮೃತಿಯು ಆ ನೀರಿನಂತೆ; ಪರದೆಯು ಕೆಳಗಣ ಪಾತ್ರದಂತೆ. ಆದರೆ ಈ ಹೋಲಿಕೆಗೆ ಒಂದು ಮೇರೆಯುಂಟು. ವಿದ್ಯುತ್ತು ತಪ್ಪಿದರೆ ಬ್ಯಾರೇಜಿನ ನೀರು ಎಲ್ಲಿಯೂ ಹೋಗದು. ಗಣಕದ ಸ್ಮೃತಿಯಾದರೋ ಒಮ್ಮೆಗೇ ಬರಿದಾಗುವುದು. ಕತ್ತಲಾದ ಪರದೆಯನ್ನು ಕಂಡು ಯಂತ್ರವು ಕೆಟ್ಟಿತೆಂದು ಭ್ರಮಿಸಿ ಅದನ್ನು ಆರಿಸುವವನು, ಡಿಸ್ಕಿನಲ್ಲಿ ಉಳಿಸದಿದ್ದ ಬರಹವನ್ನು ತನ್ನ ಕೈಯಾರೆ ಅಳಿಸಿದಂತಾಗುವುದು. ಬರಹಕ್ಕೆ ಏನನ್ನೂ ಸೇರಿಸದ ಶಿಫ್ಟ್ ಕೀಲಿಯನ್ನು ಮೊದಲು ಒತ್ತಿ ನೋಡುವುದೇ ಅಂದು ವಿವೇಕವಾಗಿತ್ತು.

1989ರ ‘ಆಫ್ಟರ್ ಡಾರ್ಕ್’ ಮೊದಲಾದವು ಕತ್ತಲೆಗೆ ಬದಲಾಗಿ ಚಲಿಸುವ ಚಿತ್ರಗಳನ್ನು ತಂದವು. ಮುಂದೆ ದ್ರವಸ್ಫಟಿಕದ ಪರದೆಗಳು ಬಂದು, ಫಾಸ್ಫರ್ ಸವೆಯುವ ಭಯವೂ ಹೋಯಿತು. ಸ್ಕ್ರೀನ್ ಸೇವರ್ ಬಹುಮಟ್ಟಿಗೆ ಅಲಂಕಾರವಾಗಿ ಉಳಿಯಿತು. ಕಾಣುವ ಅಕ್ಷರವು ಬೇರೆ, ಉಳಿದಿರುವ ಅಕ್ಷರವು ಬೇರೆ ಎಂಬ ಅದರ ಪಾಠವಾದರೋ ಗಣಕದಲ್ಲಿ ಬರೆಯುವವರಿಗೆ ಇಂದಿಗೂ ಸಲ್ಲುತ್ತದೆ.