ನೀರಿನ ಮೇಲೆ ತೇಲುವ ಗರಿಹುಳು

ಪುಣೆಯ ಸದಾಶಿವ ಪೇಠದಿಂದ ಮುಠಾ ನದಿಗೆ ನಡೆದೇ ಹೋಗಬಹುದು. ಈ ಮುಠಾ ಮುಂದೆ ಮುಳಾ ನದಿಯನ್ನು ಕೂಡಿಕೊಂಡು ಪೂರ್ವಕ್ಕೆ ಹರಿಯುವಲ್ಲಿ ಸಿಕ್ಕ ಮೀನೊಂದನ್ನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಅದೇ ದಖನ್ ಮಹಶೀರ್, ಶಾಸ್ತ್ರೀಯವಾಗಿ ಟಾರ್ ಖುದ್ರೀ. ಮುಂದೆ ಪುಣೆ ಜಿಲ್ಲೆಯ ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೇಂದ್ರ ಇದರ ಮರಿ ಮಾಡಿಸಿತು; ಆ ಮರಿಗಳು ನಮ್ಮ ಕಾವೇರಿಗೂ ಬಂದವು.

ಕಾವೇರಿಯಲ್ಲಿ ಮಹಶೀರ್ ಹಿಡಿಯಲು ನುರಿತ ಗಾಳಗಾರರು ನೆಚ್ಚಿದ್ದು ರಾಗಿ ಉಂಡೆಯನ್ನು. ಅದು ತಳಕ್ಕಿಳಿಯುವ ಎರೆ. ಇದಕ್ಕೆ ತದ್ವಿರುದ್ಧವಾದದ್ದು ‘ಡ್ರೈ ಫ್ಲೈ’, ಅಂದರೆ ನೀರಿನ ಮೇಲೆಯೇ ನಿಲ್ಲುವ ಕೃತಕ ಹುಳು. ಇಂಗ್ಲೆಂಡಿನ ಸುಣ್ಣಕಲ್ಲು ಸೀಮೆಯ ತೊರೆಗಳಲ್ಲಿ ಟ್ರೌಟ್ ಮೀನಿಗಾಗಿ ಬೆಳೆದ ಈ ಕಲೆಗೆ ಫ್ರೆಡರಿಕ್ ಹಾಲ್ಫೋರ್ಡ್ 1886ರ ಪುಸ್ತಕದಲ್ಲಿ ವ್ಯಾಕರಣ ಹಾಕಿಕೊಟ್ಟರು. ಅಮೆರಿಕದಲ್ಲಿ ಹೊಳೆಯ ಬಾಸ್ ಮೀನಿಗೂ ಇಂಥ ತೇಲುವ ಹುಳು ಬಳಸುವುದುಂಟು.

ಕಟ್ಟುವುದಕ್ಕೆ ಬೇಕಾದದ್ದು ಸಣ್ಣ ಗಾಳದ ಕೊಕ್ಕೆ, ಅದನ್ನು ಕಚ್ಚಿ ಹಿಡಿಯುವ ಪುಟ್ಟ ವೈಸ್, ತೆಳು ದಾರ, ಹುಂಜದ ಕತ್ತಿನ ಗರಿ. ಕೊಕ್ಕೆಗೆ ದಾರ ಸುತ್ತಿ, ಗರಿಯ ಬಿರುಸು ಎಳೆಗಳನ್ನು ಬಾಲವಾಗಿ ಕಟ್ಟಬೇಕು. ತುಪ್ಪಳ ಹೊಸೆದ ದಾರದಿಂದ ಒಡಲು. ಕೊನೆಗೆ ಒಂದು ಗರಿಯನ್ನು ನೆಟ್ಟಗೆ ನಿಲ್ಲುವಂತೆ ಸುತ್ತುತ್ತಾರೆ. ಎಳೆಗಳು ಸುತ್ತಲೂ ಕೆದರಿ ನೀರಿನ ಪೊರೆಯನ್ನು ಒತ್ತಿ ಹುಳುವನ್ನು ಎತ್ತಿ ಹಿಡಿಯುತ್ತವೆ. ಗರಿ ಮೆತ್ತಗಿದ್ದರೆ ಹುಳು ಮುಳುಗುತ್ತದೆ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಗೂ ವಿದೇಶಿ ಫ್ಲೈ ಕಟ್ಟುವವರು ಒಂದು ಕಾಲದಲ್ಲಿ ಮುಗಿಬಿದ್ದಿದ್ದರು. ಅದರ ಮೇಲಿನ ಮೇಣದಂಥ ಹೊಳಪಿನ ಚುಕ್ಕೆ ಸಾಲ್ಮನ್ ಮೀನಿನ ಗಾಳಗಳಿಗೆ ಕಣ್ಣಾಗುತ್ತಿತ್ತು. ಇಂದು ಆ ಹಕ್ಕಿಗೆ ಕಾನೂನಿನ ರಕ್ಷಣೆ ಇದೆ. ಡ್ರೈ ಫ್ಲೈಗೆ ಸಾಕಿದ ಹುಂಜದ ಗರಿಯೇ ಸಾಕು.

ಗಾಳ ಎಸೆಯುವುದೂ ಬೇರೆ ವಿದ್ಯೆ. ಹುಳುವಿಗೆ ತೂಕವಿಲ್ಲ, ತೂಕವಿರುವುದು ದಾರಕ್ಕೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಗಾಳಿಯಲ್ಲಿ ಹರಡಿ, ಮೀನು ಇರುವ ಜಾಗಕ್ಕಿಂತ ಮೇಲ್ಹರಿವಿನಲ್ಲಿ ಹುಳುವನ್ನು ಇಳಿಸುತ್ತಾರೆ. ಆಮೇಲೆ ಅದು ಹೊಳೆಯ ವೇಗದಲ್ಲೇ ಬರಬೇಕು. ದಾರ ಎಳೆದು ಹುಳು ಗೀರು ಮೂಡಿಸಿತೋ, ಮೀನು ತಿರುಗಿಯೂ ನೋಡದು.

ಆದರೆ ಈ ಕಲೆ ನಿಂತಿರುವುದು ಕೈಚಳಕಕ್ಕಿಂತ ಹೊಳೆಯ ಮೇಲೆ. ಡ್ರೈ ಫ್ಲೈ ಅನುಕರಿಸುವ ಮುಖ್ಯ ಕೀಟ ಮೇಫ್ಲೈ. ಅದರ ಮರಿಗಳು ಕಲ್ಲಿನಡಿ ಬೆಳೆಯುತ್ತವೆ. ಬಹುಪಾಲಿಗೆ ಆಮ್ಲಜನಕ ತುಂಬಿದ ಶುದ್ಧ ನೀರೇ ಬೇಕು. ಪುಣೆಯೊಳಗಿನ ಮುಠಾ ಈಗ ಊರಿನ ಕೊಳಚೆ ಹೊರುತ್ತಿದೆ. ಅಲ್ಲಿ ಎಷ್ಟು ಚೆಂದದ ಹುಳು ಕಟ್ಟಿದರೂ ವ್ಯರ್ಥ. ಕಾವೇರಿಯ ಕಥೆ ಇನ್ನೊಂದು ಬಗೆಯದು: ಹೊರಗಿನಿಂದ ತಂದು ಬಿಟ್ಟ ದಖನ್ ಮಹಶೀರ್ ಹೆಚ್ಚಿದಂತೆ, ಅಲ್ಲಿನದೇ ಆದ ಕಿತ್ತಳೆ ಈಜುರೆಕ್ಕೆಯ ಡುಬ್ಬದ ಮಹಶೀರ್ ಕುಗ್ಗಿತು. 2018ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು.

ಈ ಹವ್ಯಾಸಕ್ಕೆ ಕೈಹಾಕುವವರು ಮುಳ್ಳಿಲ್ಲದ ಕೊಕ್ಕೆ ಬಳಸಿ, ಹಿಡಿದ ಮೀನನ್ನು ನೀರಿನಲ್ಲೇ ಬಿಡಿಸಿ. ಅಭಯಾರಣ್ಯದೊಳಗೆ ಗಾಳ ಹಾಕಬೇಡಿ. ಬೇರೆಡೆಯೂ ಮೊದಲು ಅನುಮತಿ ವಿಚಾರಿಸಿ. ಮತ್ತು ಗರಿ ಕೊಳ್ಳುವ ಮುನ್ನ ನಿಮ್ಮೂರ ಹೊಳೆಯ ಕಲ್ಲೊಂದನ್ನು ಮಗುಚಿ ನೋಡಿ: ಅಡಿಯಲ್ಲಿ ಹುಳುವಿಲ್ಲದಿದ್ದರೆ ಮೊದಲು ಆಗಬೇಕಾದ ಕೆಲಸ ಹೊಳೆಯದು, ಗಾಳದ್ದಲ್ಲ.