ಹರಿಹರದ ಟೀಚರಮ್ಮ, ಆರ್ಕೆಸ್ಟ್ರಾ ಮಗ!

ದಾವಣಗೆರೆ ಅಂದ ಕೂಡಲೇ ನೆನಪಾಗೋದು ಏನು? ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ, ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು! ಹೊಸ ಚಿತ್ರದ ಮೊದಲ ದಿನ ಕಟೌಟಿಗೆ ಹಾರ ಹಾಕುವುದರಲ್ಲಿ ಈ ಊರಿನ ಹುಡುಗರು ಯಾರಿಗೂ ಕಮ್ಮಿಯಿಲ್ಲ. ಆದರೆ ಅಭಿಮಾನಿ ಮಿತ್ರರೇ, ಈ ಸೀಮೆ ಕನ್ನಡ ಚಿತ್ರರಂಗಕ್ಕೆ ಕೊಟ್ಟ ದೊಡ್ಡ ಕಾಣಿಕೆ ಫೈಟಿಂಗೂ ಅಲ್ಲ, ಡೈಲಾಗೂ ಅಲ್ಲ. ಸಂಗೀತಗಾರರ ಕಥೆ!

ನಂಬಲಿಲ್ಲವೇ? ಲೆಕ್ಕ ಹಾಕಿ. ‘ಹಂಸಗೀತೆ’ ಬರೆದ ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಹರಿಹರ ತಾಲೂಕಿನ ಮಲೇಬೆನ್ನೂರಿನಲ್ಲಿ. ಆ ಕಾದಂಬರಿ ಹಿಂದಿಯಲ್ಲಿ 1956ರಷ್ಟು ಹಿಂದೆಯೇ ‘ಬಸಂತ್ ಬಹಾರ್’ ಆಯಿತು. ನಮ್ಮವರಿಗೆ ಎಚ್ಚರವಾಗಿದ್ದು ಆಮೇಲೆ! 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆಗೆದರು. ತೆರೆಯ ಮೇಲೆ ಅನಂತನಾಗ್, ಕಂಠ ಬಾಲಮುರಳಿಕೃಷ್ಣರದು. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 20 ವರ್ಷ ಕಳೆದು, 1995ರಲ್ಲಿ ದಾವಣಗೆರೆಯ ಚಿಂದೋಡಿ ಮನೆತನದ ಬಂಗಾರೇಶ್ ಗದುಗಿನ ಪಂಚಾಕ್ಷರಿ ಗವಾಯಿಗಳ ಮೇಲೆ ಚಿತ್ರ ಮಾಡಿದರು. ಹಂಸಲೇಖರಿಗೆ ಸಂಗೀತಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ. ಒಂದೇ ಚಿತ್ರಕ್ಕೆ ಎರಡು! ಸ್ವತಃ ಕಣ್ಣು ಕಾಣದ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ರಾಗ ಕಲಿಸಿದವರು.

ಇಷ್ಟೆಲ್ಲ ಪೀಠಿಕೆ ಹರಿಹರದ ಒಬ್ಬ ಟೀಚರಮ್ಮನಿಗಾಗಿ. ಹೆಸರು ಹಾಕಬ್ಯಾಡಪ್ಪ ಅಂದಿದ್ದಾರೆ, ಹಾಕುವುದಿಲ್ಲ. ಹರಿಹರೇಶ್ವರ ದೇವಸ್ಥಾನದಿಂದ ಹೊಳೆಗೆ ಹೋಗುವ ಕಡೆ ಒಂದು ಹಂಚಿನ ಮನೆ. ಪಡಸಾಲೆಯಲ್ಲಿ ಚಾಪೆ, ಒಂದು ಹಳೇ ಹಾರ್ಮೋನಿಯಂ, ಗೋಡೆಯ ಮೇಲೆ ಗವಾಯಿಗಳ ಫೋಟೋ.

“ಬಾರಪ್ಪ ತಮ್ಮ, ಕುಂತ್ಕೋ. ಸಿನಿಮಾ ಪೇಪರಿನವರಿಗೆ ನಮ್ಮನ್ಯಾಗ ಏನ್ ಸಿಗತೈತಿ?” ಅಂತ ನಕ್ಕರು.

ಸಿಕ್ಕಿದ್ದು ಬೇಕಾದಷ್ಟು. ಈಕೆಗೆ ಹಾಡಿನ ಹುಚ್ಚು ಹತ್ತಿದ್ದು ಗುಡಿಯಲ್ಲಲ್ಲ, ನಾಟಕದ ಕ್ಯಾಂಪಿನಲ್ಲಿ! ಅಪ್ಪನ ಹೆಗಲ ಮೇಲೆ ಕೂತು ಚಿಂದೋಡಿ ಲೀಲಾ ಅವರ ‘ಹಳ್ಳಿ ಹುಡುಗಿ’ ನೋಡಿದರಂತೆ. ಹೌದು, ‘ಶರಪಂಜರ’ದಲ್ಲಿ ನೀವು ನೋಡಿದ ಅದೇ ಲೀಲಾ. 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಂಡ ದಾವಣಗೆರೆಯ ಹೆಣ್ಣುಮಗಳು. ಕಂಪನಿ ನಾಟಕದಲ್ಲಿ ಹಾಡಲು ಬರದವರಿಗೆ ಬಣ್ಣ ಹಚ್ಚುವುದೇ ಕಷ್ಟವಿದ್ದ ಕಾಲ ಅದು. ನಮ್ಮ ಅಣ್ಣಾವ್ರ ಕಂಠ ಪಳಗಿದ್ದೂ ಕಂಪನಿಯಲ್ಲೇ ತಾನೆ?

ಮುಂದೆ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ, ಮದುವೆಯಾಗಿ ಈ ಮನೆಗೆ ಬಂದರು. ಯಜಮಾನರಿಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ, ಸಂಜೆ ಮನೆಯಲ್ಲಿ ತಬಲ. ಒಬ್ಬ ಮಗ, ಒಬ್ಬಳು ಮಗಳು. ಪಾಠ ಮನಸ್ಸಿನ ಖುಷಿಗೆ, ಸಂಬಳ ಹೊಟ್ಟೆಗೆ. 2000ದ ಆಸುಪಾಸಿನಲ್ಲಿ ಕಾರ್ಖಾನೆಗೆ ಬೀಗ ಬಿತ್ತು ನೋಡಿ, ಲೆಕ್ಕ ತಿರುಗಿತು. ಖುಷಿಯ ಪಾಠವೇ ಹೊಟ್ಟೆಯ ಪಾಠವಾಯಿತು! ಯಜಮಾನರು ಆರು ತಿಂಗಳು ತಬಲ ಮುಟ್ಟಲಿಲ್ಲವಂತೆ.

ಆಗ ಪಿಯುಸಿ ಓದುತ್ತಿದ್ದ ಮಗ ಏನು ಮಾಡಿದ ಗೊತ್ತೇ? ಅವ್ವನಿಗೆ ಹೇಳದೆ ಆರ್ಕೆಸ್ಟ್ರಾ ಸೇರಿದ. ಗಣೇಶನ ಹಬ್ಬಕ್ಕೆ ಓಣಿಗೊಂದು ಪೆಂಡಾಲು, ರಾತ್ರಿಗೊಂದು ಪ್ರೋಗ್ರಾಂ. ಅಣ್ಣಾವ್ರ ಹಾಡು, ಎಸ್ಪಿಬಿ ಹಾಡು, ಚಿಲ್ಲರೆ ನೋಟುಗಳ ಸುರಿಮಳೆ. ತಂದ ದುಡ್ಡನ್ನು ತಂಗಿಯ ಪರೀಕ್ಷೆ ಫೀಸಿಗೆ ಕೊಟ್ಟ. “ಎಲ್ಲಿಂದ ತಂದ್ಯೋ?” ಅಂದಾಗ ಸತ್ಯ ಹೊರಬಿತ್ತು. ಟೀಚರಮ್ಮ ಸಿಟ್ಟಿಗೆದ್ದು ಮಾತು ಬಿಟ್ಟರು. ಅವರ ಲೆಕ್ಕದಲ್ಲಿ ಮೈಕು ಹಿಡಿದು ಕುಣಿಯುವುದು ಸಂಗೀತವೇ ಅಲ್ಲ.

ಇದನ್ನು ನಾನು ಒಪ್ಪುವುದಿಲ್ಲ, ಅವರೆದುರಿಗೇ ಹೇಳಿದೆ. 1992ರಲ್ಲಿ ‘ಜೀವನ ಚೈತ್ರ’ಕ್ಕಾಗಿ ಅಣ್ಣಾವ್ರಿಗೆ ಬಂದ ರಾಷ್ಟ್ರಪ್ರಶಸ್ತಿ ಹಾಡಿಗೆ ತಾನೆ? ಸಿನಿಮಾದ ಹಾಡಿಗೇ! ಟೀಚರಮ್ಮ ಚಾ ಲೋಟ ಮುಂದಿಟ್ಟು, “ಕೇಳಿಲ್ಲಿ” ಅಂದರು.

ಒಂದು ರಾತ್ರಿ ಯಾರಿಗೂ ಹೇಳದೆ 14 ಕಿಲೋಮೀಟರ್ ಬಸ್ಸಿನಲ್ಲಿ ದಾವಣಗೆರೆಗೆ ಹೋದರಂತೆ. ಪೆಂಡಾಲಿನ ಹಿಂದೆ, ದೋಸೆ ಗಾಡಿಯ ಮರೆಯಲ್ಲಿ ನಿಂತು ಮಗನ ಹಾಡು ಪೂರ್ತಿ ಕೇಳಿದರು. ಸಿಳ್ಳೆ ಬಿದ್ದವು. ಒನ್ಸ್ ಮೋರ್ ಆಯಿತು. ಎರಡನೇ ಸಲವೂ ಕೇಳಿ ಕೊನೆ ಬಸ್ಸಿಗೆ ವಾಪಸು. ಮೂರು ತಿಂಗಳು ಮಾತಾಡದಿದ್ದ ತಾಯಿ ಬೆಳಿಗ್ಗೆ ಮಗನಿಗೆ ಹೇಳಿದ್ದು ಒಂದೇ ಮಾತು: “ಎರಡು ಸಲಾನೂ ಮ್ಯಾಲಿನ ನಿಷಾದ ಇಳಿದಿತ್ತಲ್ಲೋ. ಕುಂದ್ರು.”

ಮಗ ಕುಂತ. ಅಪ್ಪ ಒಳಗಿನಿಂದ ತಬಲ ತಂದರು.

ಈಗ ಆ ಮಗನಿಗೆ ನಲವತ್ತರ ಹತ್ತಿರ. ಸೀನಿಯರ್ ಪಾಸು ಮಾಡಿದ್ದಾನೆ, ಗಣೇಶನ ಹಬ್ಬಕ್ಕೆ ಇವತ್ತಿಗೂ ಮೈಕು ಬಿಟ್ಟಿಲ್ಲ. ಮಗಳು ಶಾಲೆಯೊಂದರಲ್ಲಿ ಸಂಗೀತದ ಟೀಚರು. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ತಬಲದ ಮೇಲೆ ಅವರದೇ ಟವೆಲ್ಲು ಹೊದಿಸಿದೆ.

ನಾನು ಏಳುವ ಹೊತ್ತಿಗೆ ಇಬ್ಬರು ಕಾಲೇಜು ಹುಡುಗರು ಬಾಗಿಲಿಗೆ ಬಂದರು. ಕಾಂಪಿಟೇಷನ್ನಿಗೆ ಸಿನಿಮಾ ಹಾಡು ಕಲಿಸಬೇಕಂತೆ, ಎಂಟೇ ದಿನದಲ್ಲಿ! “ಕಲಿಸ್ತೀನಿ ಬರ್ರಪ್ಪ. ಮೊದಲು ಒಂದು ತಿಂಗಳು ಷಡ್ಜ ಹಿಡೀರಿ” ಅಂದರು ಟೀಚರಮ್ಮ. ಒಬ್ಬ ಮೊಬೈಲಿನಲ್ಲಿ ಟೈಮು ನೋಡಿಕೊಂಡ, ಮ್ಯಾಟ್ನಿಗೆ ಹೊತ್ತಾಗಿತ್ತೋ ಏನೋ, ಹೊರಟ. ಇನ್ನೊಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದು ಕುಂತ.